ಅಕ್ಕೋರ ಮೂಗಿನ ನೀಲಿ ಹರಳು

ನಮ್ಮ ವಿಜ್ಞಾನದ ಅಕ್ಕೋರು ನೆಟ್ಟಗೆ ಕುಳಿತದ್ದನ್ನು ನಾನು ನೋಡಿದ್ದು ಅವರು ತೀರಿಹೋದ ದಿನ. ಪಡಸಾಲೆಯ ಗೋಡೆಗೆ ಒರಗಿಸಿ, ಹಣೆ ತುಂಬ ವಿಭೂತಿ ಬಳಿದು, ಕೊರಳಿಗೆ ಸೇವಂತಿಗೆ ಹಾರ ಹಾಕಿ ಕೂಡಿಸಿದ್ದರು. ನಮ್ಮ ಕಡೆ ಲಿಂಗವಂತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮಂದಿ ಬಂದು ಕಾಲು ಮುಟ್ಟಿ ಹೋಗುತ್ತಿದ್ದರು, ಭಜನೆಯವರು ತಾಳ ಹಾಕುತ್ತಿದ್ದರು, ನಾನು ಮಾತ್ರ ಈಗ ಏಳುತ್ತಾರೆ, ಇನ್ನೊಂದು ಗಳಿಗೆಗೆ ಏಳುತ್ತಾರೆ ಎಂದು ನೋಡುತ್ತಲೇ ನಿಂತಿದ್ದೆ. ಅಷ್ಟು ಹೊತ್ತು ಒಂದೇ ಕಡೆ ಕೂಡುವ ಜೀವವಲ್ಲ ಅದು. ಅಂದಿನಿಂದ ನನಗೂ ಕೂತಲ್ಲಿ ಕೂಡಲಾಗುತ್ತಿಲ್ಲ. ಇದನ್ನು ಬರೆಯಲು ಕುಳಿತ ಮೇಲೂ ಎದ್ದು ಹೋಗಿ, ಒಲೆಯ ಮೇಲೆ ಇಡದೇ ಇದ್ದ ಹಾಲು ಉಕ್ಕಿತೇನೋ ಎಂದು ನೋಡಿ ಬಂದೆ.

ಹೆಸರು ಬೇಡ. ಹೆಸರು ಬರೆದರೆ ಅವರ ತಮ್ಮನ ಹೆಂಡತಿ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಜಗಳಕ್ಕೆ ನಾನು ಹಿಂದೆ ಸರಿಯುವವಳಲ್ಲ, ಆದರೆ ಸದ್ಯ ಮನಸ್ಸಿಲ್ಲ. ನಮ್ಮಲ್ಲಿ ಸಾಲಿಯಲ್ಲಿ ಕಲಿಸುವ ಹೆಂಗಸು ಯಾವ ವಯಸ್ಸಿನವಳಾದರೂ ಊರಿಗೆಲ್ಲ ಅಕ್ಕೋರು. ಅವರು ವಿಜ್ಞಾನದ ಅಕ್ಕೋರು, ನಾನು ಕನ್ನಡದ ಅಕ್ಕೋರು. ಇಬ್ಬರ ಮನೆಯೂ ಕುಂದಗೋಳದಲ್ಲಿ, ಸಾಲಿ ಯರಗುಪ್ಪಿ ಕಡೆಯ ಒಂದು ಹಳ್ಳಿಯಲ್ಲಿ. ವರ್ಷಗಟ್ಟಲೆ ಒಂದೇ ಬಸ್ಸಿಗೆ ಹೋಗಿ ಒಂದೇ ಬಸ್ಸಿಗೆ ಬಂದಿದ್ದೇವೆ. ನಾನು ಕಿಟಕಿ ಪಕ್ಕ ಸೀಟು ಹಿಡಿದರೆ ಅವರು ಕಂಬಿ ಹಿಡಿದು ನಿಲ್ಲುವವರು. ಸೀಟು ಖಾಲಿ ಇದ್ದರೂ ನಿಲ್ಲುವವರು. ಕೂಡ್ರಿ ಅಂತ ಕಂಡಕ್ಟರ್ ಹೇಳಿ ಹೇಳಿ ಕೊನೆಗೆ ಬಿಟ್ಟುಬಿಟ್ಟಿದ್ದ. ಕುಳಿತರೆ ಕಾಲು ಜೋಮು ಹಿಡಿಯುತ್ತವೆ ಎನ್ನುವುದು ಅವರು ಕೊಡುತ್ತಿದ್ದ ಕಾರಣ. ಮಧ್ಯಾಹ್ನದ ಬುತ್ತಿಯನ್ನೂ ನಿಂತೇ ಉಣ್ಣುತ್ತಿದ್ದರು. ರೊಟ್ಟಿಗೆ ಚಟ್ನಿಪುಡಿ, ಮೊಸರು ಸವರಿ, ಸುರುಳಿ ಸುತ್ತಿ, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಅಡ್ಡಾಡುತ್ತ ತಿಂದು ಮುಗಿಸುವರು. ಹೊಸದಾಗಿ ಬಂದ ಹೆಡ್‌ಮಾಸ್ತರರು, ಮೀಟಿಂಗಿನಲ್ಲಿ ಈಯಮ್ಮ ಬಾಗಿಲಲ್ಲೇ ನಿಲ್ಲುವುದನ್ನು ಕಂಡು ಇದು ತಮ್ಮ ವಿರುದ್ಧದ ಮುಷ್ಕರವೆಂದು ತಿಳಿದು ಒಂದು ವಾರ ಅವರ ಜೊತೆ ಮಾತೇ ಬಿಟ್ಟಿದ್ದರು.

ಕಾರಣ ಎಂಬ ಮಾತು ಹೇಗೋ ಬಂದೇಬಿಟ್ಟಿತು. ಅದು ಅವರ ಮಾತು. ಉತ್ತರಪತ್ರಿಕೆಯಲ್ಲಿ ಸರಿ ಉತ್ತರದ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ 'ಕಾರಣ?' ಎಂದು ಬರೆದಿರುತ್ತಿದ್ದರು. ಉತ್ತರ ಸರಿಯಿದ್ದು ಕಾರಣ ತಪ್ಪಿದ್ದರೆ ಅರ್ಧ ಮಾರ್ಕು ಹೋಯಿತು ಅಂತಲೇ ಲೆಕ್ಕ. ಒಮ್ಮೆ ಒಬ್ಬ ಹುಡುಗಿ ಜ್ವರ ಬಂದಿತ್ತೆಂದು ರಜೆ ಚೀಟಿ ತಂದಳು. ಅದು ಮೆಣಸಿನಕಾಯಿ ಬಿಡಿಸುವ ಸುಗ್ಗಿ. ಅಕ್ಕೋರು ಚೀಟಿ ಓದಲಿಲ್ಲ, ಆ ಹುಡುಗಿಯ ಬೆರಳು ಹಿಡಿದು ಮೂಸಿ ನೋಡಿದರು. "ಕೂಲಿಗೆ ಹೋಗಿದ್ದೆ ಅನ್ನು, ರಜಾ ಕೊಡತೇನಿ. ಜ್ವರಕ್ಕ ಕೊಡೂದಿಲ್ಲ" ಎಂದರು. ಹುಡುಗಿ ಅತ್ತು, ಹೌದ್ರಿ ಎಂದಿತು. ರಜೆಯೂ ಸಿಕ್ಕಿತು. ಅಷ್ಟೇ ಅಲ್ಲ, ತಪ್ಪಿಹೋದ ಪಾಠವನ್ನು ಸಂಜೆಯ ಬಸ್ಸು ಬರುವತನಕ ನಿಲ್ದಾಣದ ಕಟ್ಟೆಯ ಮುಂದೆ ನಿಂತು ಹೇಳಿಕೊಟ್ಟರು.

ತಮ್ಮ ಬಗ್ಗೆ ಕೇಳಿದರೆ ಮಾತ್ರ ಆಸಾಮಿ ಚುಟುಕು. ಮದುವೆಯಾದ ಎರಡನೇ ವರ್ಷ ಗಂಡ ಗದಗ ರಸ್ತೆಯಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ಹೋದರು, ಮಕ್ಕಳಿಲ್ಲ, ತವರಿಗೆ ಬಂದೆ, ಬಿ.ಎಡ್. ಮಾಡಿದೆ, ನೌಕರಿ ಸಿಕ್ಕಿತು. ಇಷ್ಟನ್ನೇ ಒಂದೇ ಉಸಿರಿಗೆ ಹೇಳಿ ಮುಗಿಸುವರು. ಹೇಳದೇ ಉಳಿದದ್ದನ್ನು ಊರು ಹೇಳುತ್ತಿತ್ತು. ಬಳೆ ಒಡೆದದ್ದು, ಕುಂಕುಮ ಒರೆಸಿದ್ದು, ಮೂಗುಬಟ್ಟು ತೆಗೆದದ್ದು. ಆಮೇಲೆ ಆ ಮನೆ ನಡೆದದ್ದೆಲ್ಲ ಇವರ ಪಗಾರದ ಮೇಲೆ. ತಾಯಿ, ತಮ್ಮ, ತಮ್ಮನ ಹೆಂಡತಿ, ಅವರ ಒಬ್ಬಳೇ ಮಗಳು. ಆ ಹುಡುಗಿಯ ಜಡೆ ಹಾಕುವುದರಿಂದ ಹಿಡಿದು ಕಾಲೇಜಿಗೆ ಕಳಿಸುವತನಕ ಎಲ್ಲ ಇವರದೇ. ಇದನ್ನೆಲ್ಲ ನಾನು ಕರುಣೆಯಿಂದ ಬರೆಯುತ್ತಿಲ್ಲ, ಸಿಟ್ಟಿನಿಂದ ಬರೆಯುತ್ತಿದ್ದೇನೆ.

ಹರಳಿನ ಕತೆಗೆ ಬರುತ್ತೇನೆ. ನನ್ನ ಬೆಂಡೋಲೆಯ ತಿರುಪು ಸಡಿಲಾಗಿತ್ತು. ಹುಬ್ಬಳ್ಳಿಯ ಒಂದು ಬಂಗಾರದ ಅಂಗಡಿಗೆ ಹೋಗುವಾಗ ಅಕ್ಕೋರನ್ನೂ ಎಳೆದುಕೊಂಡು ಹೋದೆ. ನಾನು ತಿರುಪಿನವನ ಮುಂದೆ ಕುಳಿತಿದ್ದೆ, ಇವರು ರೂಢಿಯಂತೆ ಅಂಗಡಿ ತುಂಬ ಓಡಾಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಚಪ್ಪಲಿ ಸಪ್ಪಳ ನಿಂತುಹೋಯಿತು. ತಿರುಗಿ ನೋಡಿದರೆ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತಿದ್ದಾರೆ. ಅಲುಗಾಟವಿಲ್ಲ. ಎದ್ದು ಹೋದೆ. ಕರಿ ಮಖಮಲ್ಲಿನ ಮೇಲೆ ನಾಲ್ಕಾರು ನೀಲಿ ಹರಳು. ಲ್ಯಾಬಿನಲ್ಲಿ ಬೆಳೆಸಿದ ವಜ್ರ, ಸೂರತ್ತಿನಿಂದ ಬಂದದ್ದು ಎಂದ ಮಾರುವ ಹುಡುಗ. ಬೋರಾನ್ ಸೇರಿಸಿ ನೀಲಿ ಮಾಡಿದ್ದೋ, ಮೇಲೆ ಬಣ್ಣ ಕೊಟ್ಟದ್ದೋ ಎಂದು ಅಕ್ಕೋರು ಕೇಳಿದರು. ಅವನು ತಬ್ಬಿಬ್ಬಾಗಿ ಸೇಠರನ್ನು ಕೇಳಲು ಒಳಗೆ ಓಡಿದ.

ಅವನು ಬರುವುದರೊಳಗೆ ನನಗೆ ಒಂದು ಪಾಠ ಆಯಿತು. ಸಣ್ಣದೊಂದು ವಜ್ರದ ಚೂರನ್ನು ಬೀಜದಂತೆ ಇಟ್ಟು, ಅದರ ಮೇಲೆ ಇಂಗಾಲವನ್ನು ಪದರು ಪದರಾಗಿ ಬೆಳೆಸುತ್ತಾರಂತೆ. ಬೆಳೆಯುವಾಗ ಚೂರೇ ಚೂರು ಬೋರಾನ್ ಹೊಕ್ಕರೆ ಅದು ಬೆಳಕಿನಲ್ಲಿರುವ ಕೆಂಪನ್ನು ನುಂಗಿ ನೀಲಿಯನ್ನು ಬಿಟ್ಟುಕೊಡುತ್ತದಂತೆ. ನೆಲದೊಳಗೆ ಹೀಗೆ ನೀಲಿಯಾಗುವುದು ಬಹಳ ಅಪರೂಪ, ಅಂಥದು ಅರಸರ ಕಿರೀಟಕ್ಕೇ ಹೋಗುತ್ತಿತ್ತು, ನಮ್ಮಂಥವರ ಕಣ್ಣಿಗೂ ಬೀಳುತ್ತಿರಲಿಲ್ಲ. ಈಗ ನೋಡ್ರಿ, ಟ್ಯೂಬ್‌ಲೈಟಿನ ಕೆಳಗೆ ಕೂತಿದೆ ಎಂದು ನಕ್ಕರು. ಹುಡುಗ ತಿರುಗಿ ಬಂದು, ಬೋರಾನೇ ಅಂತ್ರಿ ಎಂದ. ಅವನು ತೋರಿಸಿದ ಮೊದಲನೆಯ ಹರಳು ಪೆನ್ನಿನ ಶಾಯಿಯಷ್ಟು ಗಾಢವಾಗಿತ್ತು, ಬೇಡವೆಂದರು. ಇನ್ನೊಂದು ತೀರ ತಿಳಿ, ಧೋತರಕ್ಕೆ ನೀಲಿ ಹಾಕಿದ ನೀರಿನ ಹಾಗೆ. ಅದೂ ಬೇಡ. ಮೂರನೆಯದು ಅಗಸಿ ಹೂವಿನ ನೀಲಿ. ನಮ್ಮ ಎರೆ ಹೊಲದಲ್ಲಿ ಚಳಿಗಾಲದ ಬೆಳಿಗ್ಗೆ ಅಗಸಿ ಬಿಟ್ಟಾಗ ಇರುತ್ತದಲ್ಲ, ಬಿಸಿಲೇರಿದರೆ ಉದುರಿಹೋಗುವ ಆ ನೀಲಿ. ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಬಂದರು. ನೆರಳಿಗೆ ಹಿಡಿದರೆ ಉಕ್ಕಿನ ಬಣ್ಣ, ಬೆಳಕಿಗೆ ತಿರುಗಿಸಿದರೆ ಒಳಗಿನಿಂದ ನೀಲಿ ಚಿಮ್ಮುತ್ತಿತ್ತು. ಉಂಗುರ ಮಾಡಿಸುತ್ತೀರೋ ಎಂದು ಕೇಳಿದೆ. "ಅಲ್ರಿ. ಮೂಗಿಗೆ" ಎಂದರು.

ನನ್ನ ತಿರುಪು ಅಲ್ಲೇ ಬಿಟ್ಟು, ಸೇಠರ ಹತ್ತಿರ ರೇಟು ಇಳಿಸಲು ನಾನೇ ಮುಂದಾದೆ. ಅಷ್ಟು ಸಂತೋಷವಾಗಿತ್ತು.

ಮನೆಯಲ್ಲಿ ಮೊದಲ ತಕರಾರು ಶನಿಯದು. ತಮ್ಮನ ಹೆಂಡತಿ ನೋಡಿದವಳೇ ಇದು ನೀಲಾ, ಶನಿಯ ಹರಳು, ಆಗಿಬರದಿದ್ದರೆ ಮನೆತನ ಮುಳುಗಿಸುತ್ತದೆ ಎಂದಳಂತೆ. ಇದು ನೀಲಾ ಅಲ್ಲ, ವಜ್ರ, ವಜ್ರಕ್ಕೆ ಶುಕ್ರ ನಿಮ್ಮ ಶಾಸ್ತ್ರದಲ್ಲೇ ಎಂದರೂ ಕೇಳಲಿಲ್ಲ. ನೀಲಾ ತಂದರೆ ಮೊದಲು ತಲೆದಿಂಬಿನ ಕೆಳಗೆ ಇಟ್ಟು ಮಲಗಿ, ಕೆಟ್ಟ ಕನಸು ಬಿದ್ದರೆ ಅಂಗಡಿಗೆ ತಿರುಗಿ ಕೊಡುವುದು ನಮ್ಮ ಕಡೆಯ ರೂಢಿ. ಅಕ್ಕೋರು ಪ್ರಯೋಗಕ್ಕೆ ಹಿಂಜರಿಯುವವರೇ? ದಿಂಬಿನ ಕೆಳಗೆ ಇಟ್ಟು ಮಲಗಿದರು. ಏನು ಕನಸು ಬಿತ್ತೆಂದು ಮರುದಿನ ಬಸ್ಸಿನಲ್ಲಿ ಕೇಳಿದರೆ, ಎಸ್ಸೆಸ್ಸೆಲ್ಸಿ ರಿಸಲ್ಟಿನದು, ಎಲ್ಲಾ ಪಾಸಾಗಿದ್ದರು, ಅದಕ್ಕೇ ಕನಸು ಅಂತ ಗೊತ್ತಾಯಿತು ಎಂದರು.

ಆ ಭಾನುವಾರ ಅಕ್ಕಸಾಲಿ ಪತ್ತಾರರ ಹತ್ತಿರ ಹೋಗಿ ಮೂಗು ಚುಚ್ಚಿಸಿಕೊಂಡರು. ಹಳೆಯ ತೂತು ಎಂದೋ ಕೂಡಿಕೊಂಡಿತ್ತು. ಸೂಜಿ ಹೊಕ್ಕಾಗ ಕಣ್ಣಲ್ಲಿ ನೀರು ಬಂತು. ಇದು ಅಳುವಲ್ಲ, ಮೂಗು ಚುಚ್ಚಿದರೆ ಕಣ್ಣೀರು ಬರಲೇಬೇಕು, ನರದ ಕೆಲಸ ಎಂದು ನನಗೂ ಪತ್ತಾರರಿಗೂ ವಿವರಿಸಿದರು. ಇಬ್ಬರೂ ಹೌದ್ರಿ ಎಂದೆವು.

ಸಾಲಿಯ ಊರಿನಲ್ಲಿ ಆದದ್ದು ಬೇರೆಯೇ ತಮಾಷೆ. ಅಲ್ಲಿ ಲ್ಯಾಬ್ ಎಂದರೆ ಎರಡೇ: ಒಂದು ರಕ್ತ, ಉಚ್ಚೆ ಪರೀಕ್ಷೆ ಮಾಡುವುದು, ಇನ್ನೊಂದು ನಮ್ಮ ಸಾಲಿಯದು. ಲ್ಯಾಬಿನಲ್ಲಿ ಮಾಡಿದ ವಜ್ರ ಎಂದು ಹುಡುಗರು ಮನೆಯಲ್ಲಿ ಹೇಳಿದ್ದೇ ತಡ, ಅಕ್ಕೋರು ಸಾಲಿಯ ಲ್ಯಾಬಿನಲ್ಲಿ ಇದ್ದಿಲು ಕಾಸಿ ವಜ್ರ ಮಾಡಿದ್ದಾರೆ ಎಂದು ಸುದ್ದಿಯಾಯಿತು. ಮಾರನೇ ವಾರ ಇಬ್ಬರು ಹುಡುಗರು ಒಲೆಯಿಂದ ಆರಿಸಿದ ಇದ್ದಿಲನ್ನು ಟಿಫಿನ್ ಡಬ್ಬಿಯಲ್ಲಿ ತುಂಬಿ ತಂದಿದ್ದರು. ಅವ್ವ ಕಳಿಸ್ಯಾಳ್ರಿ, ಬೆಂಡೋಲೆಗೆ ಆಗುವಷ್ಟು ಸಾಕಂತ್ರಿ! ಇನ್ನು ಬೋರಾನ್ ಎಂಬ ಹೆಸರು ನಮ್ಮ ರೈತರಿಗೆ ಹೊಸದಲ್ಲ, ಹೂವು ಉದುರಬಾರದೆಂದು ಬೆಳೆಗೆ ಹೊಡೆಯುವ ಔಷಧಿ. ಎಸ್‌ಡಿಎಂಸಿ ಅಧ್ಯಕ್ಷರು ಬಹಳ ಗಂಭೀರವಾಗಿ ಬಂದು, "ಅಕ್ಕೋರ, ನಾವೂ ವರ್ಷಾ ಬೋರಾನ್ ಹೊಡೀತೇವ್ರಿ. ನಮ್ಮ ಮೆಣಸಿನಕಾಯಿ ಒಂದರ ನೀಲಿ ಆಗಬೇಕಿತ್ತಲ್ರಿ?" ಎಂದು ಕೇಳಿದರು. ಅಕ್ಕೋರು ನಗಲಿಲ್ಲ. ಅವರನ್ನು ಬೋರ್ಡಿನ ಮುಂದೆ ನಿಲ್ಲಿಸಿಕೊಂಡು ಚಿತ್ರ ಬರೆದು ಹೇಳಿದರು. ಅಧ್ಯಕ್ಷರು ಕೇಳಿಸಿಕೊಂಡು, ಒಟ್ಟಿನಲ್ಲಿ ಖೊಟ್ಟಿ ಅಲ್ಲ ಅಂದಂಗಾತು ಎಂದು ಹೊರಟುಹೋದರು.

ಖೊಟ್ಟಿ, ಅಂದರೆ ನಕಲಿ. ಆ ಮಾತು ಅಕ್ಕೋರಿಗೆ ಚುಚ್ಚುತ್ತಿತ್ತು. ಒಂದು ದಿನ ಕಿರಾಣಿ ಅಂಗಡಿಯಿಂದ ಖೊಟ್ಟಿ ನೋಟು ನೋಡುವ ದೀಪ ಇಸಿದುಕೊಂಡು ಬಂದರು. ಲ್ಯಾಬಿನ ಕಿಟಕಿಗೆ ಚಾದರ ಕಟ್ಟಿ, ಹುಡುಗರನ್ನೆಲ್ಲ ಒಳಗೆ ಹಾಕಿ, ಮೂಗಿನಿಂದ ಹರಳು ತೆಗೆದು ಮೇಜಿನ ಮೇಲಿಟ್ಟು ಆ ದೀಪ ಹಿಡಿದರು. ಆಮೇಲೆ ದೀಪ ಆರಿಸಿದರು. ದೀಪ ಆರಿತು, ಹರಳು ಆರಲಿಲ್ಲ. ಕತ್ತಲಲ್ಲಿ ತನ್ನಷ್ಟಕ್ಕೆ ನೀಲಿಯಾಗಿ ಉರಿಯುತ್ತ, ನಿಧಾನಕ್ಕೆ, ಮನಸ್ಸಿಲ್ಲದ ಮನಸ್ಸಿನಿಂದ ನಂದಿತು. ಎಂಟನೆಯ ಇಯತ್ತೆಯ ಆ ಗದ್ದಲದ ಮಕ್ಕಳು ಮೇಜಿನ ಸುತ್ತ ಮುಗಿಬಿದ್ದರು. ಮತ್ತೊಮ್ಮೆ ತೋರಿಸ್ರಿ ಎಂದು ನಾನೇ ಮೊದಲು ಕೂಗಿದೆ, ಸುಳ್ಳೇಕೆ.

ಅವರದು ಕಪ್ಪು ಮುಖ. ಕಪ್ಪಿಗೆ ನೀಲಿ ಒಪ್ಪುವುದಿಲ್ಲ ಎಂದು ಯಾವ ಮೂಳ ಹೇಳಿದನೋ! ಆ ಚಳಿಗಾಲವೆಲ್ಲ ನಾನು ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುವುದು ಬಿಟ್ಟು ಅವರನ್ನೇ ನೋಡುತ್ತಿದ್ದೆ. ಬಸ್ಸು ತಿರುಗಿದಂತೆ ಬಿಸಿಲು ಮೂಗಿನ ಮೇಲೆ ಬೀಳುವುದು, ಹರಳು ಫಳಕ್ಕನೆ ಹೊಳೆಯುವುದು, ಅವರ ಕೈ ತಾನಾಗಿ ಅಲ್ಲಿಗೆ ಹೋಗಿ ಇದೆಯೋ ಇಲ್ಲವೋ ಎಂದು ಮುಟ್ಟಿ ಬರುವುದು. ಡ್ರೈವರನ ಕನ್ನಡಿಯಲ್ಲಿ ಕದ್ದು ನೋಡಿಕೊಳ್ಳುತ್ತಿದ್ದರು. ನಾನು ನೋಡಿದ್ದು ಗೊತ್ತಾದರೆ ಹೊಸ ಮದುಮಗಳ ಹಾಗೆ ನಾಚುತ್ತಿದ್ದರು.

ತಮ್ಮನ ಮಗಳ ಎಂಗೇಜ್‌ಮೆಂಟು ಬಂತು. ಹುಡುಗನ ಕಡೆಯವರು ಅಣ್ಣಿಗೇರಿಯವರು, ಒಳ್ಳೆಯ ಮನೆತನ. ನಾನು ಬೆಳಿಗ್ಗೆಯೇ ಹೋಗಿದ್ದೆ. ಬೀಗರ ಗಾಡಿ ಊರು ಬಿಟ್ಟಿದೆ ಎಂದು ಫೋನು ಬಂದ ಮೇಲೆ ತಮ್ಮನ ಹೆಂಡತಿ ಒಳಗಿನ ಕೋಣೆಗೆ ಬಂದು, ಇವತ್ತೊಂದು ದಿನ ಆ ಹರಳು ತೆಗೆದಿಡಲಿಕ್ಕೆ ಆಗುತ್ತದೇನ್ರಿ ಎಂದು ಮೆಲ್ಲಗೆ ತೆಗೆದಳು. ಕಾರಣ ಎಂದರು ಅಕ್ಕೋರು. ಬೀಗರು ಶನಿ ಹರಳು ಅಂದುಕೊಂಡರೆ ಎಂದಳು. ವಜ್ರ ಅಂತ ಹೇಳು ಎಂದರು. ಲ್ಯಾಬಿನದು ಎಂದು ಗೊತ್ತಾದರೆ ಖೊಟ್ಟಿ ಅಂತಾರೆ ಎಂದಳು. ಅಲ್ಲ ಅಂತ ಹೇಳು ಎಂದರು. ಫೋಟೋದಲ್ಲಿ ಹೊಳೆದು ಹುಡುಗಿಯ ಮುಖ ಕಾಣುವುದಿಲ್ಲ ಎಂದು ಯಾರೋ ಚಿಕ್ಕಮ್ಮ ಸೇರಿಸಿದಳು. ಮೂಗು ಇನ್ನೂ ಬಾತಿದೆ, ಗಾಳಿ ಆಡಲಿ ಎಂದಳು ಇನ್ನೊಬ್ಬಳು. ಬಾಗಿಲಲ್ಲಿ ತಮ್ಮ ಬಂದು ನಿಂತು, ಹೋಗಲಿ ಬಿಡಕ್ಕಾ, ಮಂದಿ ಬಾಯಿ ಎಂದು ನೆಲ ನೋಡಿದ. ನನ್ನ ನಾಲಗೆ ತುರಿಸುತ್ತಿತ್ತು. ಬಾಯಿ ತೆರೆಯುವಷ್ಟರಲ್ಲಿ ಅಕ್ಕೋರು ನನ್ನ ಕೈ ಒತ್ತಿ ಹಿಡಿದರು.

"ಇವೆಲ್ಲಾ ತಪ್ಪು ಕಾರಣ" ಎಂದರು. "ಖರೇ ಕಾರಣ ಯಾರರ ಒಬ್ಬರು ಬಾಯಿಬಿಟ್ಟು ಹೇಳ್ರಿ. ಈಗಿಂದೀಗ ತಗೀತೇನಿ."

ಒಬ್ಬಾಕೆ ತಟ್ಟೆಯಲ್ಲಿದ್ದ ವೀಳ್ಯದೆಲೆ ಒರೆಸತೊಡಗಿದಳು. ಚಿಕ್ಕಮ್ಮನಿಗೆ ಅಡುಗೆಯವರ ನೆನಪಾಯಿತು. ಖರೇ ಕಾರಣ ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗಂಡನಿಲ್ಲದವಳ ಮೂಗು ಶುಭಕಾರ್ಯದಲ್ಲಿ ಬೀಗರೆದುರು ಹೊಳೆಯಬಾರದು. ಅಷ್ಟೇ. ಶನಿಯೂ ಅಲ್ಲ, ಲ್ಯಾಬೂ ಅಲ್ಲ. ಅವರ ಅನ್ನ ಉಂಡವರಲ್ಲಿ ಯಾರಿಗೂ ಅದನ್ನು ಆಡಿ ತೋರಿಸುವ ಎದೆ ಇರಲಿಲ್ಲ. ಅಕ್ಕೋರು ನೆಚ್ಚಿಕೊಂಡದ್ದು ಅದನ್ನೇ. ಗೆದ್ದೆವು ಎಂದು ನಾನೂ ಅಂದುಕೊಂಡೆ.

ಮೂಲೆಯ ಮಂಚದ ಮೇಲೆ ಅವರ ತಾಯಿ ಕುಳಿತಿದ್ದರು. ಆ ಮುದುಕಿಯೂ ಬೋಳು ಮೂಗಿನವರೇ.

"ಗಂಡ ಸತ್ತಾಕಿ ನೀ" ಎಂದರು. "ಅದಕ್ಕ ತಗಿ."

ಅಕ್ಕೋರು ತಾಯಿಯ ಕಡೆ ತಿರುಗಿದರು. ಆಮೇಲೆ, "ಹೂಂ. ಇದು ಸರಿ ಉತ್ತರ" ಎಂದು ಮೂಗಿಗೆ ಕೈ ಹಾಕಿದರು. ತಿರುಪು ಬಿಗಿಯಾಗಿತ್ತು. ಜಗ್ಗಿದಾಗ ರಕ್ತ ಬಂತು, ಸೆರಗಿನಿಂದ ಒರೆಸಿಕೊಂಡರು. ಹರಳನ್ನು ಗುಳಿಗೆ ಕಟ್ಟಿಕೊಡುವ ಖಾಲಿ ಕಾಗದದ ಚೀಟಿನಲ್ಲಿ ಸುತ್ತಿ ಪರ್ಸಿಗೆ ಹಾಕಿದರು. ಹೊರಗೆ ಬಂದು ಪಾನಕ ಹಂಚಿದರು, ನೆಂಟರನ್ನು ಮಾತಾಡಿಸಿದರು, ಒಂದು ಕಡೆಯೂ ನಿಲ್ಲಲಿಲ್ಲ.

ಬೀಗತಿ ಬಂದರಲ್ಲ, ಅವರು ಮಾಡಿದ ಮೊದಲ ಕೆಲಸವೇನು ಗೊತ್ತೇ? ಅಕ್ಕೋರ ಕೈ ಹಿಡಿದು, ನಿಮ್ಮ ಮೂಗಿನಲ್ಲಿ ನೀಲಿ ವಜ್ರ ಇದೆಯಂತಲ್ರಿ, ಹುಡುಗಿ ಫೋನಿನಲ್ಲಿ ಒಂದೇ ಸವನೆ ಹೇಳುತ್ತಿತ್ತು, ನೋಡಬೇಕೆಂದು ಬಂದೆ, ನಾನೂ ಒಂದು ಹಾಕಿಸಿಕೊಳ್ಳಬೇಕು ಎಂದದ್ದು. ತಮ್ಮನ ಹೆಂಡತಿಯ ಮುಖ ಆಗ ನೋಡಬೇಕಿತ್ತು. ಅಕ್ಕೋರು ಪರ್ಸು ತೆಗೆದು ತೋರಿಸಿದರು, ಯಾವ ಅಂಗಡಿ ಎಂಬುದನ್ನೂ ಹೇಳಿದರು. ಹಾಕಿಕೊಂಡು ತೋರಿಸಿರಿ ಎಂದರು ಬೀಗತಿ. ಇವತ್ತು ಮೂಗು ಬಾತಿದೆ ಎಂದರು ಅಕ್ಕೋರು. ಅವರ ಬಾಯಲ್ಲಿ ತಪ್ಪು ಕಾರಣ ಕೇಳಿದ್ದು ನಾನು ಅದೊಂದೇ ಸಲ.

ಮದುವೆಯಾಯಿತು, ಹುಡುಗಿ ಅಣ್ಣಿಗೇರಿಗೆ ಹೋದಳು. ಎಲ್ಲರೂ ಹಾಕಿಕೊಳ್ಳಿ ಎಂದರು, ತಮ್ಮನ ಹೆಂಡತಿ ಕೂಡ ಎಂದಳು. ತಾಯಿಯಂತೂ ದಿನಾ ಬೆಳಿಗ್ಗೆ ಚಹಾ ಕುಡಿಯುವಾಗ ಒಮ್ಮೆ, ಹಾಕ್ಕೋ ಬೇ, ಎಂದು ಬೇಡಿಕೊಳ್ಳುವರು. ಇವರು ಬಸ್ಸಿನ ಹೊತ್ತಾಯಿತೆಂದು ಹೊರಡುವರು. ನನಗೆ ರೇಗಿತು. ಯಾರ ಮೇಲಿನ ಸಿಟ್ಟನ್ನು ಯಾರ ಮೂಗಿನ ಮೇಲೆ ತೀರಿಸುತ್ತೀರಿ, ಇದೆಂಥ ಹಟ ಎಂದು ಒಂದು ದಿನ ಬಸ್ಸಿನಲ್ಲೇ ಜಾಡಿಸಿದೆ. ಕಂಬಿ ಹಿಡಿದುಕೊಂಡು ನನ್ನ ಕಡೆ ಬಗ್ಗಿ ಹೇಳಿದರು: "ಮಂದಿ ಅಂದಿದ್ರ ನಾಳೆನ ಹಾಕ್ಕೊಂಡು ಊರ ತುಂಬಾ ತಿರಗತಿದ್ದೆ. ಅವ್ವ ಅಂದ್ಳಲ್ರಿ."

ಹರಳು ಪರ್ಸಿನಲ್ಲೇ ಇತ್ತು. ಪ್ರತಿ ವರ್ಷ ಎಂಟನೆಯವರಿಗೆ ಇಂಗಾಲದ ಪಾಠ ಬಂದಾಗ ಚಾದರ ಕಟ್ಟಿ ಬೆಳಗಿ ತೋರಿಸುವರು. ಪಾಠ ಮುಗಿದ ಮೇಲೆ ಮತ್ತೆ ಗುಳಿಗೆ ಚೀಟಿಗೆ.

ಕಳೆದ ತಿಂಗಳು ಭಾನುವಾರ ಬೆಳಿಗ್ಗೆ ಅರಿವೆ ಒಣಹಾಕುತ್ತಿದ್ದವರು ಹಾಗೇ ಕುಸಿದರು. ಎದೆನೋವಂತೆ. ಆಸ್ಪತ್ರೆಯ ಮಾತೇ ಬರಲಿಲ್ಲ. ನಾನು ಹೋಗುವಷ್ಟರಲ್ಲಿ ಕೂಡಿಸಿ ಆಗಿತ್ತು. ತಾಯಿ ಮಗಳ ಪಕ್ಕದಲ್ಲೇ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದರು. ಅಳುತ್ತಿರಲಿಲ್ಲ. ನನ್ನನ್ನು ಕಂಡು ಕೈಸನ್ನೆ ಮಾಡಿ ಕರೆದರು. ಮುಷ್ಟಿ ಬಿಚ್ಚಿದರೆ ಆ ಗುಳಿಗೆ ಚೀಟು. ಮಣ್ಣಿಗೆ ಒಯ್ಯುವ ಮೊದಲು ಹಾಕವಾ, ನನಗೆ ಕಣ್ಣು ಕಾಣಿಸುವುದಿಲ್ಲ ಎಂದರು. ವಿಭೂತಿ ಒರೆಸಿ ನೋಡಿದೆ. ಹರಳಿನ ಕಡ್ಡಿ ಇಟ್ಟು ಒತ್ತಿದೆ, ತಿರುವಿ ನೋಡಿದೆ. ಚರ್ಮ ಎಂದೂ ಚುಚ್ಚಿಸಿಕೊಳ್ಳದವರ ಹಾಗೆ ಕೂಡಿಕೊಂಡಿತ್ತು. ಸತ್ತವರಿಗೆ ನೋಯುವುದಿಲ್ಲ ಎಂದು ಗೊತ್ತಿದ್ದರೂ ಇನ್ನೂ ಜೋರಾಗಿ ಒತ್ತಲು ನನ್ನ ಕೈ ಬರಲಿಲ್ಲ.

"ಆಗವಲ್ದ್ರಿ ಅವ್ವಾರ" ಎಂದೆ. "ತೂತು ಮುಚ್ಚೇತಿ."

ಮುದುಕಿ ಹೆಬ್ಬೆರಳಿನಿಂದ ಮಗಳ ಮೂಗನ್ನು ಸವರಿದರು. ಆ ಜಾಗ ಹುಡುಕುತ್ತಿದ್ದರು. ಸಿಗಲಿಲ್ಲ.

"ಅದ್ಯಾಕ ಮುಚ್ಚಿತವಾ" ಎಂದರು. "ಅವತ್ತ ನನ್ನ ಬಾಯಿ ಮುಚ್ಚಬೇಕಿತ್ತು."